ರಾತ್ರಿ ಫೋಟೊ ರಾತ್ರಿಯಂತೆಯೇ ಬರಬೇಕಾದರೆ: ಫೋನ್ ಕ್ಯಾಮೆರಾದ ಯಾವ ದಾರಿ ಯಾರಿಗೆ?

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಹಗಲಲ್ಲೂ ಅರ್ಧ ಕತ್ತಲು. ಗೋಡೆ, ಮಾಡು ಎಲ್ಲ ಹೊಗೆ ಹಿಡಿದು ಕಪ್ಪಾಗಿರುತ್ತವೆ. ಒಲೆಯ ಬಾಯಲ್ಲಿ ಮಾತ್ರ ಕೆಂಪು ಬೆಂಕಿ. ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವವರ ಮುಖದ ಒಂದು ಬದಿಗೆ ಆ ಬೆಳಕು ಬೀಳುತ್ತದೆ, ಇನ್ನೊಂದು ಬದಿ ಕಾಣುವುದೇ ಇಲ್ಲ. ನೋಡಲು ಅಷ್ಟು ಚೆಂದ. ಈಗ ಫೋನ್ ತೆಗೆದು ಒಂದು ಫೋಟೊ ಹೊಡೆಯಿರಿ. ಕಪ್ಪು ಗೋಡೆ ಬೂದಾಗಿರುತ್ತದೆ. ಕಣ್ಣಿಗೆ ಕಾಣದ ಮೂಲೆಯ ಗೋಣಿಚೀಲಗಳು ಎದ್ದು ಕಾಣುತ್ತವೆ. ಬೆಂಕಿ ಇದ್ದ ಜಾಗದಲ್ಲಿ ಬರೀ ಬಿಳಿ ಮಚ್ಚೆ. ಮುಖದ ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿರುತ್ತವೆ. ನೀವು ನೋಡಿದ್ದು ಒಂದು, ಫೋನ್ ಕೊಟ್ಟಿದ್ದು ಇನ್ನೊಂದು.

ನಾನಿರುವುದು ಫೋಟೊ ಪ್ರಿಂಟ್ ಹಾಕುವ ಅಂಗಡಿಯಲ್ಲಿ. ದೀಪಾವಳಿ, ಗಣಪತಿ ಹಬ್ಬ, ದುರ್ಗಾಂಬಿಕಾ ಜಾತ್ರೆ ಮುಗಿದ ಮೇಲೆ ಬರುವ ಫೋಟೊಗಳಲ್ಲಿ ಇದೇ ತೊಂದರೆ ಜಾಸ್ತಿ. ದೀಪಾವಳಿ ಆದ ಮೇಲೆ ಒಬ್ಬ ತಾಯಿ ದೇವರ ಕೋಣೆಯ ಫೋಟೊ ತಂದಿದ್ದರು. "ಅಲ್ರೀ ಅಣ್ಣಾರೆ, ಲೈಟೆಲ್ಲ ಆರ್ಸಿ ಬರೀ ದೀಪ ಹಚ್ಚಿದ್ವಿ. ಇದ್ರಾಗೆ ನೋಡಿದ್ರೆ ಟ್ಯೂಬ್‌ಲೈಟ್ ಹಾಕಿದಂಗೈತೆ" ಎಂದರು. ಅವರ ಫೋನ್ ಕೆಟ್ಟಿರಲಿಲ್ಲ. ಅದನ್ನು ಹಾಗೆ ಮಾಡಲೆಂದೇ ತಯಾರಿಸಿದ್ದಾರೆ.

ಇದನ್ನು ಸರಿಮಾಡಲು ಹಲವು ದಾರಿಗಳಿವೆ. ಕೆಲವು ಬಿಟ್ಟಿ, ಕೆಲವಕ್ಕೆ ಸ್ವಲ್ಪ ಕಲಿಯಬೇಕು, ಒಂದಕ್ಕೆ ದುಡ್ಡು ಬೇಕು. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಹೆಚ್ಚಿನವರಿಗೆ ಮೊದಲನೆಯ ದಾರಿಯೇ ಸಾಕು. ಹೊಸ ಫೋನೂ ಬೇಡ, ಹೊಸ ಆಪೂ ಬೇಡ. ಆದರೆ ನೀವು ಏನನ್ನು ತೆಗೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿ ಒಂದೊಂದಾಗಿ ನೋಡೋಣ.

ಫೋನ್ ಯಾಕೆ ಹೀಗೆ ಮಾಡುತ್ತದೆ

ಎದುರಿಗಿರುವುದು ಮಸಿ ಹಿಡಿದ ಗೋಡೆಯೋ, ಬೆಳಕಿಲ್ಲದೆ ಕಪ್ಪಾಗಿ ಕಾಣುವ ಬಿಳಿ ಗೋಡೆಯೋ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ಬೆಳಕು ಕಡಿಮೆ ಬಂತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಫಿಲ್ಮ್ ಕಾಲದಿಂದಲೂ ಲೈಟ್ ಮೀಟರ್‌ಗಳು ಒಂದು ಲೆಕ್ಕ ಇಟ್ಟುಕೊಂಡಿವೆ. ಎದುರಿನ ದೃಶ್ಯವನ್ನೆಲ್ಲ ಸರಾಸರಿ ಮಾಡಿದರೆ ನಡುಮಟ್ಟದ ಬೂದು ಬಣ್ಣ ಬರಬೇಕು ಅನ್ನುವ ಲೆಕ್ಕ ಅದು. ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ವಾಪಸ್ ಕೊಡುವ ಬೂದು ಬಣ್ಣವನ್ನು ಇದಕ್ಕೆ ಅಳತೆಗೋಲಾಗಿ ಬಳಸುತ್ತಾರೆ. ಹಗಲಿನ ಫೋಟೊಗೆ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. ಕತ್ತಲಿಗೆ ಇದೇ ಲೆಕ್ಕ ಹಾಕಿದರೆ ಕಪ್ಪೆಲ್ಲ ಬೂದಾಗುತ್ತದೆ.

ಹಳೆಯ ಫೋನ್‌ಗಳೂ ಇದನ್ನೇ ಮಾಡಲು ನೋಡುತ್ತಿದ್ದವು. ಆದರೆ ಅವುಗಳ ಕೈಲಿ ಆಗುತ್ತಿರಲಿಲ್ಲ, ಫೋಟೊ ಕಪ್ಪಾಗಿ, ಕಾಳುಕಾಳಾಗಿ ಬರುತ್ತಿತ್ತು. ಈಗಿನ ಫೋನ್‌ಗೆ ಆಗುತ್ತದೆ. ನೀವು ಒಂದು ಸಲ ಒತ್ತಿದರೆ ಅದು ಹಲವು ಫೋಟೊ ತೆಗೆದು, ಒಂದರ ಮೇಲೊಂದು ಕೂರಿಸಿ, ಕಾಳುಗಳನ್ನು ಅಳಿಸಿ, ಕತ್ತಲ ಭಾಗವನ್ನು ಮೇಲೆತ್ತುತ್ತದೆ. ಗೂಗಲ್ ತನ್ನ ಪಿಕ್ಸೆಲ್ ಫೋನ್‌ಗಳಿಗೆ ನೈಟ್ ಸೈಟ್ ಅನ್ನುವ ಸೌಲಭ್ಯ ತಂದದ್ದು 2018ರ ನವೆಂಬರ್‌ನಲ್ಲಿ. ಕೈಯಲ್ಲಿ ಹಿಡಿದು ತೆಗೆದಾಗ ಅದು 15 ಫೋಟೊಗಳವರೆಗೆ ಸೇರಿಸುತ್ತಿತ್ತು. ಆಪಲ್‌ನ ನೈಟ್ ಮೋಡ್ 2019ರಲ್ಲಿ ಐಫೋನ್ 11ರ ಜೊತೆ ಬಂತು. ಆಮೇಲೆ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ತಮ್ಮ ತಮ್ಮ ಹೆಸರಲ್ಲಿ ಇದನ್ನು ತಂದವು.

ಇಲ್ಲೊಂದು ಸಂಗತಿ ನನಗೆ ಬಹಳ ಇಷ್ಟ. ನೈಟ್ ಸೈಟ್ ಮಾಡಿದ ಮಾರ್ಕ್ ಲೆವಾಯ್ ಅವರ ತಂಡಕ್ಕೆ ಈ ತೊಂದರೆ ಅವತ್ತೇ ಗೊತ್ತಿತ್ತು. ರಾತ್ರಿಯನ್ನು ಎಷ್ಟು ಸಾಧ್ಯವೋ ಅಷ್ಟು ಬೆಳಗಿಸಿದರೆ ನೋಡುವವರಿಗೆ ಅದು ಹಗಲೋ ರಾತ್ರಿಯೋ ತಿಳಿಯದೆ ಹೋಗುತ್ತದೆ ಎಂದು ಅವರು ಬರೆದಿದ್ದರು. ಅದಕ್ಕೇ ಹಳೆಯ ಚಿತ್ರಕಾರರ ಉಪಾಯ ಹಿಡಿದು, ಸುತ್ತಲಿನ ಕಪ್ಪನ್ನು ಕಪ್ಪಾಗಿಯೇ ಉಳಿಸಲು ಕಾಂಟ್ರಾಸ್ಟ್ ಹೆಚ್ಚಿಸಿದ್ದರು. ಇಂದಿನ ಎಷ್ಟೋ ಫೋನ್‌ಗಳಲ್ಲಿ ಆ ಎಚ್ಚರ ಕಾಣುವುದಿಲ್ಲ. ಅಂಗಡಿಯಲ್ಲಿ ಎರಡು ಫೋನ್ ಪಕ್ಕಪಕ್ಕ ಹಿಡಿದಾಗ ಜಾಸ್ತಿ ಬೆಳಕಿರುವ ಫೋಟೊವೇ ಎಲ್ಲರ ಕಣ್ಣಿಗೆ ಬೀಳುತ್ತದೆ ಅಲ್ವಾ? ಕಂಪನಿಗಳು ಅದಕ್ಕೇ ಮೀಸಲಾಗಿ ನಿಂತಿವೆ ಎಂದು ನನಗನ್ನಿಸುತ್ತದೆ.

ನಮ್ಮ ಕಣ್ಣಿನದೂ ಒಂದು ಪಾತ್ರವಿದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ತೀರಾ ಕಡಿಮೆ ಬೆಳಕಲ್ಲಿ ಕಣ್ಣಿಗೆ ಬಣ್ಣವೇ ಸರಿಯಾಗಿ ಗೊತ್ತಾಗುವುದಿಲ್ಲ. ಫೋನ್ ಮಾತ್ರ ಆ ಕತ್ತಲಲ್ಲೂ ಹಸಿರನ್ನು ಹಸಿರಾಗಿ, ಕೆಂಪನ್ನು ಕೆಂಪಾಗಿ ತೋರಿಸುತ್ತದೆ. ಫೋಟೊದಲ್ಲಿ ಏನೋ ಸುಳ್ಳಿದೆ ಅನ್ನಿಸುವುದು ಅರ್ಧ ಇದರಿಂದಲೇ.

ತೊಂದರೆ ಫೋಟೊದಲ್ಲಿದೆಯೋ, ಸ್ಕ್ರೀನ್‌ನಲ್ಲಿದೆಯೋ?

ಯಾವ ದಾರಿ ಅಂತ ಆರಿಸುವ ಮೊದಲು ಇದನ್ನೊಮ್ಮೆ ನೋಡಿ. ಹೊಸ ಫೋನ್‌ಗಳು ಗ್ಯಾಲರಿಯಲ್ಲಿ ಫೋಟೊ ತೆರೆದ ಕೂಡಲೇ ಅದರ ಬೆಳಕಿನ ಭಾಗಗಳನ್ನು ಇನ್ನಷ್ಟು ಹೊಳೆಯುವಂತೆ ತೋರಿಸುತ್ತವೆ. ಅರೆಗಳಿಗೆಯಲ್ಲಿ ಫೋಟೊ ಫಳಕ್ಕನೆ ಬೆಳಗುವುದನ್ನು ನೀವೂ ನೋಡಿರುತ್ತೀರಿ. ಅದು ಎಚ್‌ಡಿಆರ್ ಡಿಸ್‌ಪ್ಲೇ ಕೆಲಸ. ಆಂಡ್ರಾಯ್ಡ್‌ನಲ್ಲಿ 2023ರ 14ನೇ ಆವೃತ್ತಿಯಿಂದ ಅಲ್ಟ್ರಾ ಎಚ್‌ಡಿಆರ್ ಎಂಬ ಹೆಸರಲ್ಲಿ ಬಂದಿದೆ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಫೋಟೋಸ್ ವಿಭಾಗದಲ್ಲಿ 'ವ್ಯೂ ಫುಲ್ ಎಚ್‌ಡಿಆರ್' ಎಂದಿರುವುದನ್ನು ಆಫ್ ಮಾಡಿದರೆ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಅದೇ ಫೋಟೊವನ್ನು ಬೇರೆ ಹಳೆಯ ಫೋನ್‌ಗೆ ಕಳಿಸಿ, ಸ್ಕ್ರೀನ್ ಬ್ರೈಟ್‌ನೆಸ್ ಅರ್ಧಕ್ಕಿಟ್ಟು ನೋಡಿ. ಅಲ್ಲಿ ಸರಿಯಾಗಿ ಕಂಡರೆ ನಿಮ್ಮ ಕ್ಯಾಮೆರಾ ತಂಟೆಗೆ ಹೋಗುವುದೇ ಬೇಡ.

ಮೊದಲ ದಾರಿ: ಸೂರ್ಯನ ಗುರುತನ್ನು ಕೆಳಗೆಳೆಯುವುದು

ಕ್ಯಾಮೆರಾ ತೆರೆದು ಸ್ಕ್ರೀನ್ ಮೇಲೆ ಒಮ್ಮೆ ಮುಟ್ಟಿ. ಚೌಕ ಅಥವಾ ವೃತ್ತ ಬರುತ್ತದೆ, ಪಕ್ಕದಲ್ಲೋ ಕೆಳಗೋ ಒಂದು ಸೂರ್ಯನ ಅಥವಾ ಬಲ್ಬಿನ ಗುರುತು. ಅದನ್ನು ಕೆಳಗೆ, ಇಲ್ಲವೇ ಮೈನಸ್ ಕಡೆಗೆ ಎಳೆಯಿರಿ. ಸ್ಕ್ರೀನ್ ಕಪ್ಪಾಗುತ್ತಾ ಬರುತ್ತದೆ. ಕಣ್ಣಿಗೆ ಕಾಣುವಷ್ಟಕ್ಕೆ ಬಂದಾಗ ನಿಲ್ಲಿಸಿ, ಫೋಟೊ ತೆಗೆಯಿರಿ. ಇಷ್ಟೇ. ಇದನ್ನು ತೋರಿಸಿಕೊಟ್ಟಾಗ "ಇದು ಇತ್ತೇನ್ರೀ ಇದ್ರಾಗೆ?" ಎಂದು ಕೇಳುವವರೇ ಹೆಚ್ಚು. ವರ್ಷಗಟ್ಟಲೆ ಫೋನ್ ಬಳಸಿದವರೂ ಇದನ್ನು ಮುಟ್ಟಿರುವುದಿಲ್ಲ.

ಇದರಲ್ಲಿ ಎರಡು ವಿಷಯ ಗೊತ್ತಿದ್ದರೆ ಕೆಲಸ ಪಕ್ಕಾ ಆಗುತ್ತದೆ.

ಒಂದು, ಎಲ್ಲಿ ಮುಟ್ಟುತ್ತೀರಿ ಅನ್ನುವುದು. ಕತ್ತಲ ಮೂಲೆಯ ಮೇಲೆ ಮುಟ್ಟಿದರೆ ಫೋನ್ ಅದನ್ನು ಬೆಳಗಿಸಲು ಹೋಗುತ್ತದೆ. ದೀಪದ ಮೇಲೆ, ಅಥವಾ ದೀಪದ ಬೆಳಕು ಬಿದ್ದ ಮುಖದ ಮೇಲೆ ಮುಟ್ಟಿ. ಎಷ್ಟೋ ಸಲ ಎಳೆಯುವ ಅಗತ್ಯವೇ ಬರುವುದಿಲ್ಲ, ಆಗಲೇ ಉಳಿದದ್ದೆಲ್ಲ ತಾನಾಗಿ ಕಪ್ಪಾಗುತ್ತದೆ.

ಎರಡು, ಲಾಕ್ ಮಾಡುವುದು. ಸುಮ್ನೆ ಒಮ್ಮೆ ಮುಟ್ಟಿ ಎಳೆದರೆ ಕೈ ಸ್ವಲ್ಪ ಅಲುಗಿದರೂ, ಯಾರಾದರೂ ಅಡ್ಡ ಬಂದರೂ ಫೋನ್ ಮೊದಲಿನ ಸ್ಥಿತಿಗೆ ಹೋಗಿಬಿಡುತ್ತದೆ. ಅದರ ಬದಲು ಅದೇ ಜಾಗವನ್ನು ಒತ್ತಿ ಹಿಡಿಯಿರಿ. ಐಫೋನ್, ಸ್ಯಾಮ್‌ಸಂಗ್ ಮತ್ತು ಬೇರೆ ಹಲವು ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಆಮೇಲೆ ಗುರುತು ಎಳೆಯಿರಿ. ಮಂಗಳಾರತಿ ಎತ್ತುವಾಗ, ಬೆಂಕಿ ಕುಣಿಯುವಾಗ ಲಾಕ್ ಇಲ್ಲದೆ ಕೆಲಸ ಆಗದು. ಯಾಕೆಂದರೆ ಜ್ವಾಲೆ ಮೇಲೆದ್ದಾಗ ಒಂದು ಬೆಳಕು, ಇಳಿದಾಗ ಇನ್ನೊಂದು ಬೆಳಕು ಬಂದು ಹತ್ತು ಫೋಟೊ ಹತ್ತು ಥರ ಆಗುತ್ತವೆ.

ಎಷ್ಟು ಎಳೆಯಬೇಕು? ಕೆಲವು ಫೋನ್‌ಗಳಲ್ಲಿ ಅಂಕಿ ಕಾಣುತ್ತದೆ. ಒಂದು ಅಂಕಿ ಕಡಿಮೆ ಮಾಡಿದರೆ ಬೆಳಕು ಅರ್ಧವಾಯಿತು ಎಂದರ್ಥ, ಎರಡು ಅಂಕಿ ಇಳಿಸಿದರೆ ಕಾಲು ಭಾಗ. ಬೀದಿ ದೀಪ, ಅಂಗಡಿ ಬೋರ್ಡ್ ಇರುವ ರಸ್ತೆಗೆ ಮೈನಸ್ 0.7ರಿಂದ 1. ಹಣತೆ, ಮಂಗಳಾರತಿಗೆ ಮೈನಸ್ 1ರಿಂದ 1.5. ಬೆಂಕಿಯೇ ಫೋಟೊದ ಮುಖ್ಯ ಭಾಗವಾದರೆ ಮೈನಸ್ 2ರವರೆಗೂ ಹೋಗಿ. ಇವು ಶುರು ಮಾಡಲು ಮಾತ್ರ, ಆಮೇಲೆ ನಿಮ್ಮ ಕಣ್ಣೇ ಅಳತೆ.

ಐಫೋನ್ 11 ಮತ್ತು ಅದರ ನಂತರದವುಗಳಲ್ಲಿ ಇನ್ನೊಂದು ಅನುಕೂಲವಿದೆ. ಕ್ಯಾಮೆರಾದ ಆಯ್ಕೆಗಳಲ್ಲಿ ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಷರ್ ಇರುತ್ತದೆ. ಅದನ್ನು ಮೈನಸ್‌ಗೆ ಇಟ್ಟು, ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಪ್ರಿಸರ್ವ್ ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸ್‌ಪೋಷರ್ ಅಡ್ಜಸ್ಟ್‌ಮೆಂಟ್ ಆನ್ ಮಾಡಿದರೆ ಕ್ಯಾಮೆರಾ ಮುಚ್ಚಿ ತೆರೆದರೂ ಅದು ಹಾಗೇ ಉಳಿಯುತ್ತದೆ. ಪಿಕ್ಸೆಲ್‌ನಲ್ಲಿ 4ನೇ ಮಾದರಿಯಿಂದ ಎರಡು ಪಟ್ಟಿಗಳಿವೆ: ಒಂದು ಒಟ್ಟು ಬೆಳಕಿಗೆ, ಇನ್ನೊಂದು ನೆರಳಿಗೆ ಮಾತ್ರ. ಈ ನೆರಳಿನ ಪಟ್ಟಿ ನಿಜಕ್ಕೂ ದೊಡ್ಡ ವರ. ದೀಪದ ಬೆಳಕನ್ನು ಹಾಗೇ ಬಿಟ್ಟು ಹಿಂದಿನ ಗೋಡೆಯನ್ನಷ್ಟೇ ಕಪ್ಪು ಮಾಡಬಹುದು. ಎಲ್ಲ ಕಂಪನಿಗಳೂ ಇದನ್ನು ಕೊಡಬೇಕಿತ್ತು.

ಇದರ ಮಿತಿ: ಬೆಳಕು ಒಟ್ಟಾರೆ ತಗ್ಗುತ್ತದೆ, ಆದರೆ ಮುಖ ನುಣ್ಣಗಾಗುವುದು, ಅಂಚುಗಳು ಅತಿಯಾಗಿ ಚೂಪಾಗುವುದು ನಿಲ್ಲುವುದಿಲ್ಲ. ಅವು ಫೋನಿನ ಒಳಗಿನ ಸಂಸ್ಕರಣೆಯ ಕೆಲಸ.

ನೈಟ್ ಮೋಡ್: ಪೂರ್ತಿ ಆಫ್ ಮಾಡಬೇಕಾ?

ನೈಟ್ ಮೋಡ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಅದರದೇ ಜಾಗವಿದೆ. ನಾನು ಪಾಲಿಸುವ ನಿಯಮ ಇದು: ಫೋಟೊ ಚೌಕಟ್ಟಿನೊಳಗೆ ಬೆಳಕಿನ ಮೂಲ ಕಾಣುತ್ತಿದ್ದರೆ, ಅಂದರೆ ದೀಪ, ಬಲ್ಬು, ಬೆಂಕಿ ಇದ್ದರೆ, ನೈಟ್ ಮೋಡ್ ಬೇಡ. ಬೆಳಕಿನ ಮೂಲ ಇಲ್ಲದೆ ಎಲ್ಲ ಕಡೆ ಒಂದೇ ಸಮ ಮಬ್ಬಿದ್ದರೆ ನೈಟ್ ಮೋಡ್ ಇರಲಿ, ಸಮಯ ಮಾತ್ರ ಕಡಿಮೆ ಮಾಡಿ.

ಐಫೋನ್‌ನಲ್ಲಿ ಕತ್ತಲಾದರೆ ಚಂದ್ರನ ಗುರುತು ತಾನಾಗಿ ಬರುತ್ತದೆ, ಪಕ್ಕದಲ್ಲಿ ಎಷ್ಟು ಸೆಕೆಂಡ್ ಎಂದು ಅಂಕಿ. ಅದನ್ನು ಆಫ್ ಮಾಡಬಹುದು, ಸೆಕೆಂಡ್ ಇಳಿಸಲೂಬಹುದು. ಪ್ರತಿ ಸಲ ಮತ್ತೆ ಆನ್ ಆಗುತ್ತಿದ್ದರೆ ಅದೇ ಪ್ರಿಸರ್ವ್ ಸೆಟ್ಟಿಂಗ್ಸ್‌ನಲ್ಲಿ ನೈಟ್ ಮೋಡ್ ಆನ್ ಮಾಡಿ. ಆಗ ನೀವು ಆಫ್ ಮಾಡಿದ್ದು ಆಫ್ ಆಗಿಯೇ ಇರುತ್ತದೆ. ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲೂ ಫೋಟೊ ಮೋಡ್‌ನಲ್ಲೇ ಚಂದ್ರನ ಗುರುತು ಬರುತ್ತದೆ, ಮುಟ್ಟಿದರೆ ಆರುತ್ತದೆ. ಸೀನ್ ಆಪ್ಟಿಮೈಜರ್ (ದೃಶ್ಯ ಗುರುತಿಸಿ ಫೋಟೊವನ್ನು ತಾನೇ ತಿದ್ದುವ ಆಯ್ಕೆ) ಇದ್ದರೆ ಅದನ್ನೂ ಆಫ್ ಮಾಡಿ. ರೆಡ್‌ಮಿ, ವಿವೋ, ಒಪ್ಪೊ, ರಿಯಲ್‌ಮಿ ಬಳಸುವವರು ಮೇಲಿನ ಸಾಲಿನಲ್ಲಿ ಎಐ ಎಂದಿದೆಯಾ ನೋಡಿ. ಇದ್ದರೆ ಮೊದಲು ಅದನ್ನು ಆಫ್ ಮಾಡಿ, ಆಮೇಲೆ ಕ್ಯಾಮೆರಾದ ಎಚ್‌ಡಿಆರ್ (ಕತ್ತಲ ಭಾಗವನ್ನೂ ಬೆಳಕಿನ ಭಾಗವನ್ನೂ ಒಟ್ಟಿಗೆ ತೋರಿಸುವ ಆಯ್ಕೆ) ಆಫ್ ಮಾಡಿ ಒಂದು ಫೋಟೊ ತೆಗೆದು ಹೋಲಿಸಿ.

ಸೂರ್ಯನ ಗುರುತಿಗೂ ಇದಕ್ಕೂ ಹೋಲಿಸಿದರೆ, ನೈಟ್ ಮೋಡ್ ಆಫ್ ಮಾಡುವುದರಿಂದ ಇನ್ನೊಂದು ಲಾಭವಿದೆ. ಅಲುಗುವ ಮಕ್ಕಳು, ಕುಣಿಯುವವರು ಮಸುಕಾಗುವುದು ಕಡಿಮೆಯಾಗುತ್ತದೆ. ನಷ್ಟವೆಂದರೆ ಕಪ್ಪು ಭಾಗದಲ್ಲಿ ಕಾಳುಗಳು ಕಾಣುತ್ತವೆ. ಕಾಳಿದ್ದರೆ ಇರಲಿ ಬಿಡಿ. ಪ್ರಿಂಟ್ ಹಾಕಿದಾಗ ಸಣ್ಣ ಕಾಳು ಅಷ್ಟಾಗಿ ಕಾಣುವುದಿಲ್ಲ, ಸವರಿದಂತಾದ ಮುಖ ಮಾತ್ರ ಎದ್ದು ಕಾಣುತ್ತದೆ.

ಪ್ರೊ ಮೋಡ್: ಬೇಕು ಅನ್ನುವವರಿಗೆ

ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ 'ಮೋರ್' ಒಳಗೆ ಪ್ರೊ ಅಥವಾ ಪ್ರೊಫೆಷನಲ್ ಎಂದಿರುತ್ತದೆ. ಐಫೋನ್‌ನ ಸ್ವಂತ ಕ್ಯಾಮೆರಾದಲ್ಲಿ ಐಎಸ್‌ಒ, ಶಟರ್ ಬದಲಿಸಲು ಬರುವುದಿಲ್ಲ, ಅದಕ್ಕೆ ಬೇರೆ ಆಪ್ ಬೇಕು.

ಇಲ್ಲಿ ಮೂರು ಹಿಡಿಕೆಗಳು ಮುಖ್ಯ. ಐಎಸ್‌ಒ ಏರಿಸಿದಷ್ಟೂ ಬೆಳಕು ಜಾಸ್ತಿ, ಕಾಳೂ ಜಾಸ್ತಿ. ಶಟರ್ ಎಂದರೆ ಎಷ್ಟು ಹೊತ್ತು ಬೆಳಕು ಒಳಗೆ ಬಿಡಬೇಕು ಅನ್ನುವುದು. ಮೂರನೆಯದು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಬಿಸುಪು. ಹೆಚ್ಚಿನ ಫೋನ್‌ಗಳಲ್ಲಿ ಲೆನ್ಸಿನ ಕಿಂಡಿ ಬದಲಾಗುವುದಿಲ್ಲ, ಹಾಗಾಗಿ ಕಲಿಯಲು ಈ ಮೂರೇ.

ನಮ್ಮ ದೇಶದಲ್ಲಿ ಇದನ್ನು ಬಳಸುವವರು ಒಂದು ವಿಷಯ ತಿಳಿದಿರಲೇಬೇಕು. ನಮ್ಮ ಕರೆಂಟ್ 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಸರಿ. 1/250, 1/500 ಎಂದು ಹೋದರೆ ಫೋಟೊ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬರುತ್ತವೆ. ಜಾತ್ರೆಯ ಸೀರಿಯಲ್ ಸೆಟ್ ತೆಗೆಯುವಾಗ ಇದು ಜಾಸ್ತಿ ಕಾಡುತ್ತದೆ.

ಮಂಡಕ್ಕಿ ಭಟ್ಟಿಗೆ ನಾನು ಹೇಳುವ ಅಳತೆ: ಐಎಸ್‌ಒ 400, ಶಟರ್ 1/50. ಮುಖ ತೀರಾ ಕಪ್ಪೆನಿಸಿದರೆ ಐಎಸ್‌ಒ 800. ವೈಟ್ ಬ್ಯಾಲೆನ್ಸ್ ಆಟೊದಿಂದ ತೆಗೆದು 3500ರಿಂದ 4500 ಕೆಲ್ವಿನ್ ನಡುವೆ ಇಡಿ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಕೆಂಪು. ಬೆಂಕಿಯ ಬೆಳಕು ಸುಮಾರು 2000 ಕೆಲ್ವಿನ್ ಇರುತ್ತದೆ. ಆಟೊ ಇದ್ದರೆ ಫೋನ್ ಅದನ್ನು ಬಿಳಿ ಮಾಡಲು ಹೊರಡುತ್ತದೆ. ಅಂಕಿಯನ್ನು ಅದಕ್ಕಿಂತ ಮೇಲಿಟ್ಟರೆ ಬೆಂಕಿಯ ಕೆಂಬಣ್ಣ ಉಳಿಯುತ್ತದೆ. ಈಗ ತೆಗೆದು ನೋಡಿ. ಗೋಡೆ ಕಪ್ಪಾಗಿಯೇ ಇದೆ, ಬೆಂಕಿಯ ನಾಲಗೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಹುರಿಯುವವರ ಕೆನ್ನೆ ಮೇಲಿನ ಬೆವರು ಹೊಳೆಯುತ್ತದೆ. ಆಟೊ ಫೋಟೊದಲ್ಲಿ ಆ ಬೆವರು ಇರಲೇ ಇಲ್ಲ. ಫೋಟೊ ತೆಗೆಯುವ ಮೊದಲು ಅವರನ್ನು ಒಂದು ಮಾತು ಕೇಳಿ, ಬಿಸಿಯಲ್ಲಿ ದುಡಿಯುವವರ ಕೈಗೆ ಅಡ್ಡ ನಿಲ್ಲಬೇಡಿ.

ಪ್ರೊ ಮೋಡ್‌ನ ದೊಡ್ಡ ಮಿತಿ ಎಂದರೆ ವೇಗ. ಬೆಳಕು ಬದಲಾದಾಗಲೆಲ್ಲ ನೀವೇ ಬದಲಿಸಬೇಕು. ಮೆರವಣಿಗೆ, ಮದುವೆ ಮನೆ, ಓಡಾಡುವ ಮಕ್ಕಳು ಇದಕ್ಕೆ ಹೊಂದುವುದಿಲ್ಲ. ಅಲ್ಲಿ ಮೊದಲನೆಯ ದಾರಿಯೇ ಮೇಲು.

ಬೇರೆ ಆಪ್ ಮತ್ತು ರಾ ಫೈಲ್

ನಿಮ್ಮ ಫೋನ್‌ನಲ್ಲಿ ಪ್ರೊ ಮೋಡ್ ಇಲ್ಲದಿದ್ದರೆ ಓಪನ್ ಕ್ಯಾಮೆರಾ ಹಾಕಿಕೊಳ್ಳಿ. ಬಿಟ್ಟಿ ಸಿಗುತ್ತದೆ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ2 ಎಪಿಐ ಆರಿಸಿಕೊಂಡರೆ ಐಎಸ್‌ಒ, ಶಟರ್ ತೋರಿಸುತ್ತದೆ. ಫೋನ್ ಕಂಪನಿ ಅವಕಾಶ ಕೊಟ್ಟಿದ್ದರೆ ಮಾತ್ರ. ಕೆಲವು ಫೋನ್‌ಗಳಲ್ಲಿ ಮುಖ್ಯ ಲೆನ್ಸ್ ಬಿಟ್ಟು ಬೇರೆಯವು ಇದಕ್ಕೆ ಸಿಗುವುದಿಲ್ಲ. ಐಫೋನ್‌ನವರಿಗೆ ಹ್ಯಾಲೈಡ್ ಎಂಬ ಆಪ್ ಇದೆ. 2024ರಲ್ಲಿ ಅದರಲ್ಲಿ ಪ್ರೊಸೆಸ್ ಜೀರೊ ಎಂಬ ಆಯ್ಕೆ ಬಂತು. ಹಲವು ಫೋಟೊ ಸೇರಿಸುವುದು, ನುಣುಪು ಮಾಡುವುದು ಯಾವುದೂ ಇಲ್ಲದೆ ಒಂದೇ ಫೋಟೊವನ್ನು ಇದ್ದ ಹಾಗೆ ಕೊಡುತ್ತದೆ. ಆದರೆ ಅದಕ್ಕೆ ದುಡ್ಡು ಕೊಡಬೇಕು. ರಾತ್ರಿ ಫೋಟೊವನ್ನೇ ಹವ್ಯಾಸ ಮಾಡಿಕೊಂಡವರಿಗೆ ಸರಿ, ವರ್ಷಕ್ಕೊಮ್ಮೆ ದೀಪಾವಳಿ ಫೋಟೊ ತೆಗೆಯುವವರಿಗೆ ಬೇಡ.

ರಾ ಫೈಲ್ ಎಂದರೆ ಸೆನ್ಸರ್ ಕಂಡದ್ದನ್ನು ಹೆಚ್ಚು ತಿದ್ದದೆ ಇಟ್ಟುಕೊಳ್ಳುವುದು. ತಿದ್ದುವ ಕೆಲಸ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ಜಾಗ ಮಾತ್ರ ಬಹಳ ತಿನ್ನುತ್ತದೆ. ಆಪಲ್‌ನ ರಾ ಫೈಲ್ ಆದ ಪ್ರೊರಾದಲ್ಲಿ 12 ಮೆಗಾಪಿಕ್ಸೆಲ್‌ನ ಒಂದು ಫೋಟೊ ಸುಮಾರು 25 ಎಂಬಿ, 48 ಮೆಗಾಪಿಕ್ಸೆಲ್‌ನದು ಸುಮಾರು 75 ಎಂಬಿ. ಫೋನಿನಲ್ಲಿ ಜಾಗ ಇಲ್ಲವೆಂದು ಒದ್ದಾಡುವವರಿಗೆ ಇದನ್ನು ನಾನು ಹೇಳುವುದೇ ಇಲ್ಲ.

ತೆಗೆದಾದ ಮೇಲೆ ತಿದ್ದಿದರೆ?

ಆಗುತ್ತದೆ, ಆದರೆ ಅರ್ಧ ಮಾತ್ರ. ಎತ್ತಿಟ್ಟ ಕತ್ತಲನ್ನು ಮತ್ತೆ ಇಳಿಸಬಹುದು. ಗೂಗಲ್ ಫೋಟೋಸ್‌ನಲ್ಲೂ ಐಫೋನ್‌ನ ಎಡಿಟ್‌ನಲ್ಲೂ ಬ್ಲ್ಯಾಕ್ ಪಾಯಿಂಟ್ ಎಂದಿದೆ, ಅದನ್ನು ಏರಿಸಿ, ಶ್ಯಾಡೋಸ್ ಇಳಿಸಿ. ಬ್ರೈಟ್‌ನೆಸ್ ಒಂದನ್ನೇ ಇಳಿಸಿದರೆ ಫೋಟೊ ಮಂಕಾಗುತ್ತದೆ, ರಾತ್ರಿಯಾಗುವುದಿಲ್ಲ. ಆದರೆ ಬಿಳಿ ಮಚ್ಚೆಯಾದ ದೀಪ ಮತ್ತೆ ದೀಪವಾಗುವುದಿಲ್ಲ. ಅಲ್ಲಿ ಮಾಹಿತಿಯೇ ಉಳಿದಿಲ್ಲ. ಹೀಗಾಗಿ ತೆಗೆಯುವಾಗ ಒಂದು ಚೂರು ಕಪ್ಪಾಗಿಯೇ ತೆಗೆಯಿರಿ. ಕಪ್ಪಾದ ಫೋಟೊವನ್ನು ಸ್ವಲ್ಪ ಎತ್ತಬಹುದು, ಸುಟ್ಟ ಬಿಳಿಯನ್ನು ಇಳಿಸಲಾಗದು.

ಹಳೆಯ ಫೋಟೊಗಳಿಗೆ, ಬೇರೆಯವರು ಕಳಿಸಿದ ಫೋಟೊಗಳಿಗೆ ಇದೊಂದೇ ದಾರಿ. ಹೊಸದಾಗಿ ತೆಗೆಯುವವರು ಇದನ್ನು ನೆಚ್ಚಿಕೊಳ್ಳಬೇಡಿ.

ಇದಕ್ಕಾಗಿ ಹೊಸ ಫೋನ್?

ಇದೊಂದೇ ಕಾರಣಕ್ಕೆ ಬೇಡ. ದುಬಾರಿ ಫೋನ್‌ಗಳಲ್ಲಿ ಈ ಬೆಳಗಿಸುವ ಚಾಳಿ ಕಡಿಮೆ ಎಂದೇನಿಲ್ಲ, ಇನ್ನೂ ಜೋರಾಗಿರುವುದೂ ಉಂಟು. ಮೆಗಾಪಿಕ್ಸೆಲ್ ಅಂಕಿಗೂ ಇದಕ್ಕೂ ಸಂಬಂಧವಿಲ್ಲ. 50 ಮೆಗಾಪಿಕ್ಸೆಲ್ ಎನ್ನುವ ಫೋನ್‌ಗಳು ಸಾಮಾನ್ಯವಾಗಿ ನಾಲ್ಕು ನಾಲ್ಕು ಪಿಕ್ಸೆಲ್ ಸೇರಿಸಿ 12.5 ಮೆಗಾಪಿಕ್ಸೆಲ್ ಫೋಟೊವನ್ನೇ ಕೊಡುತ್ತವೆ.

ಹೇಗೂ ಕೊಳ್ಳುವುದಿದ್ದರೆ ಅಂಗಡಿಯಲ್ಲೇ ನೋಡಿ. ಕೌಂಟರ್ ಕೆಳಗಿನ ಕತ್ತಲ ಕಡೆ ಫೋನ್ ಹಿಡಿಯಿರಿ. ಒತ್ತಿ ಹಿಡಿದರೆ ಲಾಕ್ ಆಗುತ್ತದಾ? ಸೂರ್ಯನ ಗುರುತು ಸಾಕಷ್ಟು ಕೆಳಗೆ ಬರುತ್ತದಾ? ಸ್ಕ್ರೀನ್‌ನಲ್ಲಿ ಕಪ್ಪಾಗಿ ಕಂಡದ್ದು ಫೋಟೊದಲ್ಲೂ ಕಪ್ಪಾಗಿಯೇ ಬಂತಾ, ಅಥವಾ ಫೋಟೊ ಸೇವ್ ಆಗುವಾಗ ಮತ್ತೆ ಬೆಳಗಿತಾ? ಈ ಕೊನೆಯದನ್ನು ತಪ್ಪದೆ ನೋಡಿ. ಕೆಲವು ಫೋನ್‌ಗಳು ತೋರಿಸುವುದು ಒಂದು, ಉಳಿಸುವುದು ಇನ್ನೊಂದು. ಆಟೊ ನೈಟ್ ಮೋಡ್ ಆಫ್ ಮಾಡಲು ಬಾರದ ಫೋನನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ನಮ್ಮ ಕಡೆಯ ಜಾಗಗಳಿಗೆ ಯಾವುದು?

ಬೆಣ್ಣೆ ದೋಸೆ ಹೋಟೆಲ್: ಹಂಚಿನಿಂದ ಏಳುವ ಹೊಗೆಯೇ ಇಲ್ಲಿ ಚೆಂದ. ಎಚ್‌ಡಿಆರ್ ಇದ್ದರೆ ಹೊಗೆ ಮಬ್ಬಾಗಿ ಗೋಡೆಯಲ್ಲಿ ಸೇರಿಹೋಗುತ್ತದೆ. ಹಂಚಿನ ಮೇಲಿನ ದೋಸೆಗೆ ಲಾಕ್ ಮಾಡಿ ಮೈನಸ್ 0.7ಕ್ಕೆ ಇಳಿಸಿ. ಪ್ರೊ ಮೋಡ್ ಆದರೆ ಟ್ಯೂಬ್‌ಲೈಟ್ ಇರುವ ಹೋಟೆಲ್‌ಗೆ ಐಎಸ್‌ಒ 400, ಶಟರ್ 1/100.

ಚಿತ್ರದುರ್ಗದ ಕೋಟೆ, ಮುಸ್ಸಂಜೆ: ಏಕನಾಥೇಶ್ವರಿ ಗುಡಿಯ ಕಡೆಯಿಂದ ನೋಡಿದರೆ ಬಂಡೆಗಳೆಲ್ಲ ನೀಲಿಗಪ್ಪಿಗೆ ತಿರುಗುವ ಹೊತ್ತು. ಆಟೊ ಬಿಟ್ಟರೆ ಬಂಡೆಗಳು ಮಧ್ಯಾಹ್ನದ ಬೂದಾಗುತ್ತವೆ. ಆಕಾಶದ ಮೇಲೆ ಮುಟ್ಟಿ ಲಾಕ್ ಮಾಡಿ. ಬಂಡೆ, ಬುರುಜು ಎಲ್ಲ ಕಪ್ಪು ಆಕಾರಗಳಾಗಿ ನಿಲ್ಲುತ್ತವೆ. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳಿಗೂ ಇದೇ. ಕೋಟೆ ಸಂರಕ್ಷಿತ ಸ್ಮಾರಕ, ಟ್ರೈಪಾಡ್ ಒಯ್ಯುವುದಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಿ. ಬಾಗಿಲು ಹಾಕುವ ಹೊತ್ತಿಗೆ ಮುಂಚೆಯೇ ಇಳಿಯಬೇಕಾಗುತ್ತದೆ, ಹಾಗಾಗಿ ನಿಜವಾದ ರಾತ್ರಿ ಫೋಟೊಗೆ ಇದು ಜಾಗವಲ್ಲ.

ಚಂದ್ರವಳ್ಳಿಯ ಅಂಕಲಿ ಮಠ: ನೆಲದಡಿಯ ಆ ಕೋಣೆಗಳಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಲಾಗದು. ಎಲ್ಲ ದಾರಿಗಳ ನಡುವಿನ ವ್ಯತ್ಯಾಸ ಇಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣದು. ನೈಟ್ ಮೋಡ್‌ನಲ್ಲಿ ತೆಗೆದರೆ ಆ ಗುಹೆ ಸುಣ್ಣ ಹೊಡೆದ ಗೋದಾಮಿನಂತೆ ಬರುತ್ತದೆ. ಆ ಇಕ್ಕಟ್ಟು, ಆ ತಣ್ಣನೆಯ ಕತ್ತಲು, ಮುಂದಿನ ಬಾಗಿಲಾಚೆ ಏನಿದೆಯೋ ಎಂಬ ಅಳುಕು ಯಾವುದೂ ಇರುವುದಿಲ್ಲ. ಹೀಗೆ ಮಾಡಿ: ಜೊತೆಯವರ ಕೈಗೆ ಟಾರ್ಚ್ ಕೊಟ್ಟು ಪಕ್ಕದ ಗೋಡೆಗೆ ಹಿಡಿಯಲು ಹೇಳಿ. ನೇರ ಎದುರಿಗೆ ಹಿಡಿಯುವುದು ಬೇಡ. ಬೆಳಕು ಓರೆಯಾಗಿ ಬಿದ್ದಾಗ ಕಲ್ಲಿನ ಉಬ್ಬುತಗ್ಗು ಕಾಣುತ್ತದೆ. ಬೆಳಕು ಬಿದ್ದ ಕಲ್ಲಿನ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಮೈನಸ್ 1ಕ್ಕೆ ಇಳಿಸಿ. ನೈಟ್ ಮೋಡ್ ಆಫ್. ಒಳಗಿನ ಬಾಗಿಲು ಕಪ್ಪು ಚೌಕವಾಗಿ ಉಳಿಯುತ್ತದೆ, ಉಳಿಯಲೇಬೇಕು. ಫ್ಲಾಶ್ ಹಾಕಬೇಡಿ, ಗೋಡೆ ಚಪ್ಪಟೆಯಾಗಿ ಕಾಣುತ್ತದೆ.

ನಾಯಕನಹಟ್ಟಿ ಜಾತ್ರೆ: ಭಕ್ತರು ಒಣಕೊಬ್ಬರಿ ಸುಡುವ ಬೆಂಕಿಯನ್ನು ತೆಗೆಯುವುದಾದರೆ ಲಾಕ್ ಮಾಡಿ ಮೈನಸ್ 2. ಜನಸಂದಣಿಯಲ್ಲಿ ಪ್ರೊ ಮೋಡ್‌ಗೆ ಪುರುಸೊತ್ತು ಸಿಗುವುದಿಲ್ಲ.

ಹುಣ್ಣಿಮೆ ಚಂದ್ರ: ಪ್ರೊ ಮೋಡ್ ಮಾತ್ರ. ಐಎಸ್‌ಒ 100, ಶಟರ್ 1/500ರಿಂದ ಶುರು ಮಾಡಿ, ಇನ್ನೂ ಬಿಳಿಯಾಗಿದ್ದರೆ 1/1000.

ಮಲಗಿದ ಕೂಸು, ಮೂಲೆಯಲ್ಲೊಂದು ಜೀರೊ ಬಲ್ಬು: ಬಲ್ಬು ಚೌಕಟ್ಟಿನೊಳಗೆ ಬರದಿದ್ದರೆ ನೈಟ್ ಮೋಡ್ ಇರಲಿ, ಸಮಯ ಒಂದು ಸೆಕೆಂಡಿಗೆ ಇಳಿಸಿ, ಜೊತೆಗೆ ಮೈನಸ್ 0.7. ಇದೊಂದು ಜಾಗದಲ್ಲಿ ನೈಟ್ ಮೋಡ್ ಬೇರೆಲ್ಲ ದಾರಿಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕಳಿಸುವಾಗ, ಪ್ರಿಂಟ್ ಹಾಕಿಸುವಾಗ

ಇಷ್ಟು ಕಷ್ಟಪಟ್ಟು ತೆಗೆದ ಫೋಟೊವನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳಿಸಿದರೆ ಕಪ್ಪು ಭಾಗ ಚೌಕ ಚೌಕವಾಗಿ ಒಡೆಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ.

ಪ್ರಿಂಟ್ ಹಾಕುವ ಮಷೀನ್‌ಗಳಲ್ಲೂ ಆಟೊ ಕರೆಕ್ಷನ್ ಇರುತ್ತದೆ. ಕಪ್ಪು ಫೋಟೊ ಕಂಡರೆ ಅದೂ ಬೆಳಗಿಸಿಬಿಡುತ್ತದೆ. ಯಾವ ಅಂಗಡಿಗೆ ಹೋದರೂ "ಕರೆಕ್ಷನ್ ಹಾಕಬೇಡಿ, ಇದು ರಾತ್ರಿ ಫೋಟೊ, ಇದ್ದ ಹಾಗೇ ಕೊಡಿ" ಎಂದು ಬಾಯಿಬಿಟ್ಟು ಹೇಳಿ. ಪ್ರಿಂಟ್ ಸ್ಕ್ರೀನ್‌ಗಿಂತ ಸ್ವಲ್ಪ ಕಪ್ಪಾಗಿಯೇ ಬರುತ್ತದೆ, ಯಾಕೆಂದರೆ ಕಾಗದಕ್ಕೆ ಸ್ವಂತ ಬೆಳಕಿಲ್ಲ. ಹಾಗಾಗಿ ಮೊದಲು ಒಂದೇ ಒಂದು ಸಣ್ಣ ಸೈಜಿನ ಪ್ರಿಂಟ್ ತೆಗೆಸಿ, ಅಂಗಡಿಯಿಂದ ಹೊರಗೆ ತಂದು ಬೆಳಕಲ್ಲಿ ನೋಡಿ. ಮುಖ ಕಾಣುತ್ತಿದೆ, ಗೋಡೆ ಕಪ್ಪಾಗಿದೆ ಅಂದರೆ ದೊಡ್ಡ ಸೈಜಿಗೆ ಹೇಳಿ.